ರಿಪೋರ್ಟ್ ‘ಸೆನ್ಸಿಟಿವ್’ ಅನ್ನುತ್ತದೆ, ಸೋಂಕು ಮಾತ್ರ ಬಿಡುತ್ತಿಲ್ಲ

ಪ್ರಶ್ನೆ: ನಮ್ಮೂರು ಮದ್ದೂರಿನ ಹತ್ತಿರ. ಅಮ್ಮನಿಗೆ 56 ವರ್ಷ, ಮುಟ್ಟು ನಿಂತು ಆರು ವರ್ಷವಾಗಿದೆ. ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರು, ಹೋದ ವರ್ಷದಿಂದ ಡಾಪಾಗ್ಲಿಫ್ಲೋಜಿನ್ ಕೂಡ ಸೇರಿದೆ. ಹತ್ತು ತಿಂಗಳಿಂದ ತುರಿಕೆ, ಉರಿ, ಬಿಳಿಸೆರಗು. ಮಂಡ್ಯದಲ್ಲಿ ಕಲ್ಚರ್ ಮಾಡಿಸಿದೆವು. ‘ಕ್ಯಾಂಡಿಡಾ ಆಲ್ಬಿಕನ್ಸ್, ಫ್ಲೂಕೊನಜೋಲ್ ಸೆನ್ಸಿಟಿವ್’ ಅಂತ ಬಂತು, ಅಂದರೆ ಈ ಫಂಗಸ್‌ಗೆ ಫ್ಲೂಕೊನಜೋಲ್ ಔಷಧಿ ನಾಟುತ್ತದೆ ಅಂತ. 150ರ ಒಂದು ಮಾತ್ರೆ ನುಂಗಿದರೆ ಸ್ವಲ್ಪ ದಿನ ಆರಾಮ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ. ನಾನು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಫಂಗಸ್‌ಗೆ ‘ರೆಸಿಸ್ಟೆನ್ಸ್’ ಇಲ್ಲದಿದ್ದರೂ ‘ಟಾಲರೆನ್ಸ್’ ಇರಬಹುದು ಅಂತ ಓದಿದೆ. ಇವೆರಡೂ ಬೇರೆ ಬೇರೆಯೇ? ಯಾವ ಜೀನ್‌ನಿಂದ ಬರುತ್ತದೆ? ಲ್ಯಾಬ್ ರಿಪೋರ್ಟ್ ತಪ್ಪಿರಬಹುದೇ? ಇದನ್ನೇ ಪ್ರಾಜೆಕ್ಟ್ ಮಾಡಬಹುದೇ?

ಉತ್ತರ: ಲ್ಯಾಬಿನವರು ತಪ್ಪು ಮಾಡಿದಂತೆ ಕಾಣುವುದಿಲ್ಲ. ನೀವು ಓದಿದ್ದೂ ಸರಿಯೇ. ಆದರೆ ಅಮ್ಮನ ತೊಂದರೆಗೆ ಫಂಗಸ್‌ನ ಜೀನೇ ಕಾರಣ ಅಂತ ನೀವು ಆಗಲೇ ತೀರ್ಮಾನಿಸಿಬಿಟ್ಟ ಹಾಗಿದೆ. ಅಲ್ಲಿ ನನಗೆ ಅನುಮಾನ. ನಿಮ್ಮ ಪತ್ರದಲ್ಲೇ ಬೇರೊಂದು ಸುಳಿವು ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದನ್ನೇ ನೋಡೋಣ, ಯಾಕೆಂದರೆ ವಿಷಯ ನಿಜಕ್ಕೂ ಸ್ವಾರಸ್ಯದ್ದು.

ರಿಪೋರ್ಟಿನ ‘ಸೆನ್ಸಿಟಿವ್’ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಡಿಸ್ಕ್ ಟೆಸ್ಟನ್ನೇ ತೆಗೆದುಕೊಳ್ಳಿ. ಮ್ಯುಲರ್-ಹಿಂಟನ್ ಅಗರ್ ಅನ್ನುವ, ಸೂಕ್ಷ್ಮಜೀವಿ ಬೆಳೆಸುವ ಮಾಧ್ಯಮಕ್ಕೆ 2% ಗ್ಲೂಕೋಸ್ ಮತ್ತು ಚೂರು ಮೆಥಿಲೀನ್ ಬ್ಲೂ ಸೇರಿಸಿರುತ್ತಾರೆ, ಹಾಗಾಗಿ ತಟ್ಟೆಗೆ ತಿಳಿ ನೀಲಿ ಛಾಯೆ. ಅದರ ಮೇಲೆ ಕ್ಯಾಂಡಿಡಾ ಕೋಶಗಳನ್ನು ಸ್ವಾಬ್‌ನಿಂದ ಮೂರು ದಿಕ್ಕಿಗೂ ಒಂದೇ ಸಮ ಸವರಿ, ನಡುವೆ 25 ಮೈಕ್ರೋಗ್ರಾಂ ಫ್ಲೂಕೊನಜೋಲ್ ಇರುವ ಪುಟ್ಟ ಕಾಗದದ ಬಿಲ್ಲೆ ಇಡುತ್ತಾರೆ. ತಟ್ಟೆ 35 ಡಿಗ್ರಿಯಲ್ಲಿ ಒಂದು ದಿನ ಇರುತ್ತದೆ. ಮರುದಿನ ತೆಗೆದು ನೋಡಿದರೆ ತಟ್ಟೆ ತುಂಬ ಕೆನೆ ಬಣ್ಣದ ಬೆಳೆ, ಬಿಲ್ಲೆಯ ಸುತ್ತ ಮಾತ್ರ ಖಾಲಿ ವೃತ್ತ. ಆ ವೃತ್ತದ ಅಡ್ಡಳತೆ ತೆಗೆಯುತ್ತಾರೆ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ಅಮೆರಿಕದ ಸಿಎಲ್‌ಎಸ್‌ಐ ಮಾನದಂಡದ ಪ್ರಕಾರ 17 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಸೆನ್ಸಿಟಿವ್, 13 ಅಥವಾ ಕಡಿಮೆ ಇದ್ದರೆ ರೆಸಿಸ್ಟೆಂಟ್.

ಈಗ ಅದೇ ತಟ್ಟೆಯನ್ನು ಎಸೆಯದೆ ಇನ್ನೊಂದು ದಿನ ಇಡಿ. ಕೆಲವು ತಟ್ಟೆಗಳಲ್ಲಿ ಆ ವೃತ್ತ ಹಾಗೇ ಖಾಲಿ ಉಳಿಯುತ್ತದೆ. ಇನ್ನು ಕೆಲವುಗಳಲ್ಲಿ ವೃತ್ತದ ಒಳಗೇ ಸೂಜಿಮೊನೆಯಷ್ಟು ಚಿಕ್ಕ ಕಾಲೊನಿಗಳು ಏಳುತ್ತವೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತೆಳ್ಳಗೆ ಮಬ್ಬು ಕಾಣುತ್ತದೆ, ಒಮ್ಮೊಮ್ಮೆ ಬಿಲ್ಲೆಯ ಅಂಚಿನವರೆಗೂ. ವೃತ್ತದ ಅಳತೆ ಏನೂ ಬದಲಾಗಿಲ್ಲ. ಆದರೆ ಅದರೊಳಗೆ, ಔಷಧಿ ದಟ್ಟವಾಗಿರುವ ಕಡೆಯೇ, ಕೆಲವು ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ. ನೀವು ಓದಿದ ಟಾಲರೆನ್ಸ್ ಇದೇ.

ಈ ಮಬ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಮಾನದಂಡದಲ್ಲೇ ಬರೆದಿದೆ. ದ್ರವ ಮಾಧ್ಯಮದಲ್ಲಿ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ, ನೋಡುವಾಗಲೂ ಹಾಗೆಯೇ. ಬೆಳವಣಿಗೆ ಅರ್ಧಕ್ಕೆ ಇಳಿದ ಪ್ರಮಾಣವನ್ನೇ ಎಂಐಸಿ ಅಂತ ಬರೆದುಕೊಳ್ಳುತ್ತಾರೆ, ಉಳಿದರ್ಧ ಏನು ಮಾಡುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಆಲ್ಬಿಕನ್ಸ್‌ಗೆ ಆ ಪ್ರಮಾಣ ಮಿ.ಲೀ.ಗೆ 2 ಮೈಕ್ರೋಗ್ರಾಂ ಅಥವಾ ಕಡಿಮೆ ಇದ್ದರೆ ಸೆನ್ಸಿಟಿವ್. ಇದು ಲ್ಯಾಬಿನವರ ಸೋಮಾರಿತನ ಅಂದುಕೊಳ್ಳಬೇಡಿ. ಹೀಗೆ ಔಷಧಿಯಿದ್ದರೂ ಸ್ವಲ್ಪ ಬೆಳೆಯುತ್ತಲೇ ಇರುವ, ಅಂದರೆ ‘ಬಾಲ’ ಬಿಡುವ ತಳಿಗಳಿಂದ ಇಲಿಗಳಿಗೆ ಸೋಂಕು ಹಚ್ಚಿ ಫ್ಲೂಕೊನಜೋಲ್ ಕೊಟ್ಟು ನೋಡಿದಾಗ ಅವು ಸಾಮಾನ್ಯ ಸೆನ್ಸಿಟಿವ್ ತಳಿಗಳ ಹಾಗೇ ಔಷಧಿಗೆ ಬಗ್ಗಿದವು. ಇದು 1990ರ ದಶಕದ ಕೊನೆಯ ಮಾತು. ಮಬ್ಬನ್ನೂ ಎಣಿಸಿ ‘ರೆಸಿಸ್ಟೆಂಟ್’ ಅಂತ ಬರೆದುಕೊಟ್ಟಿದ್ದರೆ ಎಷ್ಟೋ ಜನರಿಗೆ ಅಗತ್ಯವಿಲ್ಲದೆ ದುಬಾರಿ ಇಂಜೆಕ್ಷನ್ ಬೀಳುತ್ತಿತ್ತು. ನಿಯಮ ಮಾಡಿದವರಿಗೆ ಸರಿಯಾದ ಕಾರಣವೇ ಇತ್ತು.

ಆ ಮಬ್ಬಿಗೆ ಬೇರೆ ಅರ್ಥ ಇರಬಹುದು ಅಂತ ಗಟ್ಟಿಯಾಗಿ ತೋರಿಸಿದ್ದು 2018ರಲ್ಲಿ, ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಜುಡಿತ್ ಬರ್ಮನ್ ಅವರ ತಂಡ. ಅವರು ವೃತ್ತದ ಅಳತೆಯನ್ನು ಒಂದು ಲೆಕ್ಕ, ವೃತ್ತದೊಳಗಿನ ಬೆಳವಣಿಗೆಯನ್ನು ಇನ್ನೊಂದು ಲೆಕ್ಕ ಅಂತ ಬೇರೆ ಮಾಡಿದರು. ಎರಡಕ್ಕೂ ಸಂಬಂಧವೇ ಇಲ್ಲ ಅಂತ ಕಂಡಿತು. ದೊಡ್ಡ ವೃತ್ತ ಇರುವ, ಅಂದರೆ ಪಕ್ಕಾ ಸೆನ್ಸಿಟಿವ್ ಆಗಿರುವ ತಳಿಯಲ್ಲೂ ಒಳಗೆ ಜೋರು ಬೆಳವಣಿಗೆ ಇರಬಹುದು. ಕೆಲವು ತಳಿಗಳಲ್ಲಿ ಅದು ತೀರಾ ಕಡಿಮೆ, ಇನ್ನು ಕೆಲವುಗಳಲ್ಲಿ ಹೊರಗಿನ ಬೆಳೆಯ ಅರ್ಧಕ್ಕಿಂತ ಜಾಸ್ತಿ.

ಇಲ್ಲಿಂದ ಜೀನ್‌ನ ವಿಷಯ ಶುರು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗವೂ ಇದೇ. ವೃತ್ತದೊಳಗಿನ ಆ ಪುಟ್ಟ ಕಾಲೊನಿಯನ್ನು ಕಡ್ಡಿಯಲ್ಲಿ ತೆಗೆದು, ಔಷಧಿಯಿಲ್ಲದ ತಟ್ಟೆಯಲ್ಲಿ ಬೆಳೆಸಿ, ಮತ್ತೆ ಅದೇ ಡಿಸ್ಕ್ ಟೆಸ್ಟ್ ಮಾಡಿ. ಅವು ರೂಪಾಂತರ ಹೊಂದಿದ ಕೋಶಗಳಾಗಿದ್ದರೆ ಈ ಸಲ ವೃತ್ತವೇ ಇರಬಾರದು, ಅಲ್ವಾ? ಬಹುಪಾಲು ಸಲ ಹಾಗಾಗುವುದಿಲ್ಲ. ಅದೇ ಅಳತೆಯ ವೃತ್ತ, ಅದರೊಳಗೆ ಅಷ್ಟೇ ಮಬ್ಬು. ನಾಲೆಗೆ ನೀರು ನಿಂತ ವರ್ಷ ಮಂಡ್ಯದ ಗದ್ದೆಯಲ್ಲಿ ಒಂದೇ ತಳಿಯ ಭತ್ತದ ನಡುವೆ ಅಲ್ಲೊಂದು ಇಲ್ಲೊಂದು ಪೈರು ಹಸಿರಾಗಿ ಉಳಿಯುತ್ತದೆ. ಆ ತೆನೆಯ ಬೀಜ ತಂದು ಬಿತ್ತಿದರೆ ಬರ ತಡೆಯುವ ಗದ್ದೆ ಹುಟ್ಟುವುದಿಲ್ಲ. ಮತ್ತೆ ಅಷ್ಟೇ ಪೈರು ಉಳಿಯುತ್ತದೆ, ಉಳಿದದ್ದು ಒಣಗುತ್ತದೆ. ಇಲ್ಲೂ ಹಾಗೇ. ಬೆಳೆದ ಕೋಶಕ್ಕೂ ಬೆಳೆಯದೆ ನಿಂತ ಕೋಶಕ್ಕೂ ಡಿಎನ್‌ಎ ಒಂದೇ. ಆ ಕ್ಷಣದಲ್ಲಿ ಯಾವ ಪ್ರೋಟೀನು ಎಷ್ಟಿತ್ತು, ಒಳಗೆ ಔಷಧಿ ಎಷ್ಟು ಸೇರಿತು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಬರ್ಮನ್ ತಂಡ ಅಳೆದು ನೋಡಿದಾಗ, ಟಾಲರೆನ್ಸ್ ಜಾಸ್ತಿ ಇರುವ ತಳಿಗಳ ಕೋಶದೊಳಗೆ ಔಷಧಿ ಕಡಿಮೆ ಸೇರಿತ್ತು.

ಹಾಗಾದರೆ ಇದರಲ್ಲಿ ಜೀನ್‌ಗೆ ಏನೂ ಕೆಲಸವಿಲ್ಲವೇ? ಇದೆ. ‘ನೂರರಲ್ಲಿ ಎಷ್ಟು ಕೋಶ ತಾಳಿಕೊಳ್ಳುತ್ತವೆ’ ಅನ್ನುವ ಪಾಲನ್ನು ತಳಿಯ ಜೀನ್‌ಗಳು ನಿರ್ಧರಿಸುತ್ತವೆ. ಯಾವ ಕೋಶ ತಾಳಿಕೊಳ್ಳುತ್ತದೆ ಅನ್ನುವುದನ್ನು ಅಲ್ಲ. ತಾಯಿಕೋಶದಿಂದ ಮಗಳುಕೋಶಕ್ಕೆ ಹೋಗುವುದು ಆ ಪಾಲು. ಈ ಒಂದು ಮಾತು ಮನಸ್ಸಿಗೆ ಇಳಿದರೆ ನೀವು ಓದುವ ಪೇಪರ್‌ಗಳು ಅರ್ಧ ಸುಲಭವಾಗುತ್ತವೆ.

ರೆಸಿಸ್ಟೆನ್ಸ್ ಇದಕ್ಕಿಂತ ಸರಳ. ಫ್ಲೂಕೊನಜೋಲ್ ಹಿಡಿಯುವುದು ಈಆರ್‌ಜಿ11 ಅನ್ನುವ ಜೀನ್ ತಯಾರಿಸುವ ಕಿಣ್ವವನ್ನು. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇರುವಂತೆ ಫಂಗಸ್‌ನ ಪೊರೆಯಲ್ಲಿ ಎರ್ಗೋಸ್ಟೆರಾಲ್ ಇರುತ್ತದೆ. ಅದನ್ನು ಮಾಡುವ ದಾರಿಯಲ್ಲಿ ಈ ಕಿಣ್ವ ಬೇಕು. ಕಿಣ್ವ ನಿಂತರೆ ಎರ್ಗೋಸ್ಟೆರಾಲ್ ಕಡಿಮೆಯಾಗುತ್ತದೆ. ಜೊತೆಗೆ, ಅರ್ಧಕ್ಕೆ ನಿಂತ ಸರಕನ್ನು ಈಆರ್‌ಜಿ3 ಅನ್ನುವ ಇನ್ನೊಂದು ಜೀನ್‌ನ ಕಿಣ್ವ ಬೇರೆ ದಾರಿಗೆ ಎಳೆದು ವಿಷದಂಥ ಸ್ಟೆರಾಲ್ ಮಾಡಿಬಿಡುತ್ತದೆ. ಫಂಗಸ್‌ಗೆ ಎರಡೂ ಕಡೆಯಿಂದ ಪೆಟ್ಟು.

ರೆಸಿಸ್ಟೆಂಟ್ ತಳಿ ಇದನ್ನು ನಾಲ್ಕೈದು ರೀತಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ಈಆರ್‌ಜಿ11ರಲ್ಲೇ ಒಂದು ಅಮೈನೋ ಆಮ್ಲ ಬದಲಾಗಿ ಔಷಧಿ ಸರಿಯಾಗಿ ಕೂರುವುದಿಲ್ಲ. 132ನೇ ಮತ್ತು 143ನೇ ಸ್ಥಾನಗಳ ಬದಲಾವಣೆ ಇದರಲ್ಲಿ ಹೆಸರಾಗಿವೆ. ಇಲ್ಲವೇ ಯುಪಿಸಿ2 ಜೀನ್ ಕೆರಳಿ ಆ ಕಿಣ್ವವೇ ಜಾಸ್ತಿ ತಯಾರಾಗುತ್ತದೆ. ಟಿಎಸಿ1 ಜೀನ್‌ನಲ್ಲಿ ಬದಲಾವಣೆಯಾದರೆ ಸಿಡಿಆರ್1, ಸಿಡಿಆರ್2 ಅನ್ನುವ ಪಂಪುಗಳು ಹೆಚ್ಚಾಗಿ ಔಷಧಿಯನ್ನು ಹೊರಗೆ ತಳ್ಳುತ್ತವೆ. ಎಂಆರ್‌ಆರ್1 ಬದಲಾದರೆ ಎಂಡಿಆರ್1 ಅನ್ನುವ ಬೇರೆ ಪಂಪು. ಈಆರ್‌ಜಿ3 ಕೆಟ್ಟರೂ ಫಂಗಸ್‌ಗೆ ಲಾಭ, ವಿಷದ ಸ್ಟೆರಾಲ್ ತಯಾರಾಗುವುದೇ ಇಲ್ಲ. ಇದರಲ್ಲಿ ಯಾವುದೇ ಆದರೂ ಪ್ರತಿ ಕೋಶವೂ ಗಟ್ಟಿ. ಡಿಸ್ಕ್ ಸುತ್ತ ವೃತ್ತ ಕುಗ್ಗುತ್ತದೆ, ಲ್ಯಾಬಿನ ಕಣ್ಣಿಗೆ ಬೀಳುತ್ತದೆ.

ಹಳ್ಳಿ ಪೇಟೆ ಎನ್ನದೆ ಈಗ ಎಲ್ಲ ಕಡೆ ಕಾಡುತ್ತಿರುವ ಹುಳುಕಡ್ಡಿಯಲ್ಲಿ ಇರುವುದೂ ಇಂಥ ಸೀದಾ ರೆಸಿಸ್ಟೆನ್ಸೇ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರು ಪಡೆದ ಫಂಗಸ್‌ನ ಎಷ್ಟೋ ತಳಿಗಳಲ್ಲಿ, ಟರ್ಬಿನಾಫಿನ್ ಔಷಧಿ ಹಿಡಿಯುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಅನ್ನುವ ಕಿಣ್ವದ ಜೀನ್ ಬದಲಾಗಿದೆ. ಮುಖ್ಯವಾಗಿ 393 ಮತ್ತು 397ನೇ ಸ್ಥಾನಗಳಲ್ಲಿ. ಟರ್ಬಿನಾಫಿನ್ ಮಾತ್ರೆ ಎಷ್ಟು ನುಂಗಿದರೂ ಹೋಗದಿರುವುದಕ್ಕೆ ಅದೊಂದು ಕಾರಣ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಇನ್ನೊಂದು. ಅದರ ಬಗ್ಗೆ ನನಗೆ ಕೋಪವಿದೆ, ಅದನ್ನು ಬೇರೆ ದಿನ ಬರೆಯುತ್ತೇನೆ.

ಟಾಲರೆನ್ಸ್‌ಗೆ ಬರೋಣ. ಮೊದಲು ಒಂದು ವಿಷಯ ನೆನಪಿಡಿ: ಫ್ಲೂಕೊನಜೋಲ್ ಕ್ಯಾಂಡಿಡಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಉಳಿದದ್ದನ್ನು ನಮ್ಮ ದೇಹವೇ ಮುಗಿಸಬೇಕು. ಪೊರೆ ಹಾಳಾದ ಕೋಶ ಸಾಯದೆ ಹೇಗೆ ಉಳಿಯುತ್ತದೆ ಅಂತ ಹುಡುಕಿದವರಿಗೆ ಸಿಕ್ಕಿದ್ದು ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವ. ಪೊರೆಗೆ ಪೆಟ್ಟು ಬಿದ್ದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿನ್ಯೂರಿನ್ ಎಚ್ಚೆತ್ತು ಸಿಆರ್‌ಜೆಡ್1 ಅನ್ನುವ ಪ್ರೋಟೀನಿನ ಮೇಲಿನ ಫಾಸ್ಫೇಟ್ ಕಿತ್ತುಹಾಕುತ್ತದೆ. ಅದು ನ್ಯೂಕ್ಲಿಯಸ್ಸಿನೊಳಗೆ ಹೋಗಿ ರಿಪೇರಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕ್ಯಾಲ್ಸಿನ್ಯೂರಿನ್ ಜೀನ್ ತೆಗೆದುಹಾಕಿದ ಕ್ಯಾಂಡಿಡಾಗೆ ಫ್ಲೂಕೊನಜೋಲ್ ಹಾಕಿ ನೋಡಿ. ತಡೆಯುವ ಔಷಧಿ ಕೊಲ್ಲುವ ಔಷಧಿಯಾಗಿಬಿಡುತ್ತದೆ.

ಕ್ಯಾಲ್ಸಿನ್ಯೂರಿನ್ ಸರಿಯಾದ ಆಕಾರದಲ್ಲಿ ಉಳಿಯುವ ಹಾಗೆ ನೋಡಿಕೊಳ್ಳುವುದು ಎಚ್‌ಎಸ್‌ಪಿ90 ಅನ್ನುವ ಇನ್ನೊಂದು ಪ್ರೋಟೀನು. ಇದರ ಪಾತ್ರವನ್ನು 2005ರಲ್ಲಿ ಲಿಯಾ ಕೋವನ್ ಮತ್ತು ಸೂಸನ್ ಲಿಂಡ್‌ಕ್ವಿಸ್ಟ್ ತೋರಿಸಿದರು. ಎಚ್‌ಎಸ್‌ಪಿ90ರ ಕೆಲಸ ತಗ್ಗಿಸಿದರೆ ಔಷಧಿಗೆ ಗಟ್ಟಿಯಾಗಿದ್ದ ತಳಿಗಳೂ ಮೆತ್ತಗಾದವು. ಬರ್ಮನ್ ತಂಡ ಮುಂದೆ ಇದನ್ನೇ ಡಿಸ್ಕ್ ತಟ್ಟೆಯಲ್ಲಿ ನೋಡಿತು. ಫ್ಲೂಕೊನಜೋಲ್ ಜೊತೆಗೆ ಕ್ಯಾಲ್ಸಿನ್ಯೂರಿನ್ ಅಥವಾ ಎಚ್‌ಎಸ್‌ಪಿ90 ತಡೆಯುವ ವಸ್ತು ಸೇರಿಸಿದರೆ ವೃತ್ತದ ಅಳತೆ ಹಾಗೇ ಇತ್ತು, ಒಳಗಿನ ಮಬ್ಬು ಮಾತ್ರ ತೊಳೆದಂತೆ ಹೋಯಿತು. ರೆಸಿಸ್ಟೆನ್ಸ್ ಬೇರೆ, ಟಾಲರೆನ್ಸ್ ಬೇರೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನಾನು ನೋಡಿಲ್ಲ.

‘ಹಾಗಾದರೆ ಅದನ್ನೇ ಜೊತೆಗೆ ಕೊಡಬಹುದಲ್ಲ’ ಅಂತ ನೀವು ಕೇಳುತ್ತೀರಿ. ಕ್ಯಾಲ್ಸಿನ್ಯೂರಿನ್ ತಡೆಯುವ ಔಷಧಿಗಳು ಯಾವುವು ಗೊತ್ತಾ? ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್. ಕಿಡ್ನಿ ಕಸಿ ಮಾಡಿಸಿಕೊಂಡವರು ದಿನಾ ನುಂಗುವ ಮಾತ್ರೆಗಳು. ನಮ್ಮ ರೋಗನಿರೋಧಕ ಕೋಶಗಳೂ ಅದೇ ಕ್ಯಾಲ್ಸಿನ್ಯೂರಿನ್ ಮೇಲೆ ನಿಂತಿವೆ. ಫಂಗಸ್‌ನ ಕೈ ಕಟ್ಟಲು ಹೋಗಿ ನಮ್ಮ ಕೈಯನ್ನೂ ಕಟ್ಟಿದ ಹಾಗಾಗುತ್ತದೆ. ಫಂಗಸ್‌ನ ಕ್ಯಾಲ್ಸಿನ್ಯೂರಿನ್‌ಗೆ ಮಾತ್ರ ಅಂಟುವ ಅಣುವಿಗಾಗಿ ಹುಡುಕಾಟ ನಡೆದಿದೆ, ಮೆಡಿಕಲ್ ಶಾಪಿಗೆ ಇನ್ನೂ ಬಂದಿಲ್ಲ. ಅಂದ ಹಾಗೆ ಸೈಕ್ಲೋಸ್ಪೋರಿನ್ ಕೂಡ ಒಂದು ಫಂಗಸ್ ತಯಾರಿಸುವ ವಸ್ತುವೇ. ಮಣ್ಣಿನಲ್ಲಿರುವ ಫಂಗಸ್‌ಗಳು ಒಂದಕ್ಕೊಂದು ಏನೇನು ಮಾಡಿಕೊಳ್ಳುತ್ತವೋ ಯಾರಿಗೆ ಗೊತ್ತು.

ಇಷ್ಟು ಒಂದೊಂದೇ ಜೀನ್‌ನ ಮಾತಾಯಿತು. ಕ್ಯಾಂಡಿಡಾ ಆಲ್ಬಿಕನ್ಸ್‌ನ ನಿಜವಾದ ಚಮತ್ಕಾರ ಇಡೀ ಕ್ರೋಮೋಸೋಮುಗಳಲ್ಲಿದೆ. ಇದಕ್ಕೆ ಎಂಟು ಜೋಡಿ ಕ್ರೋಮೋಸೋಮು: 1ರಿಂದ 7, ಇನ್ನೊಂದಕ್ಕೆ ‘ಆರ್’ ಅಂತ ಹೆಸರು. ರೈಬೋಸೋಮಿನ ಆರ್‌ಎನ್‌ಎ ಜೀನ್‌ಗಳು ಅದರ ಮೇಲೆ ಸಾಲಾಗಿ ಇರುವುದರಿಂದ ಆ ಹೆಸರು. ಮನುಷ್ಯರಲ್ಲಿ 21ನೇ ಕ್ರೋಮೋಸೋಮು ಮೂರಾದರೆ ಡೌನ್ ಸಿಂಡ್ರೋಮ್. ಕ್ಯಾಂಡಿಡಾದಲ್ಲಿ ಒಂದು ಕ್ರೋಮೋಸೋಮು ಮೂರಾದರೆ, ಮಾಮೂಲಿ ದಿನಗಳಲ್ಲಿ ಬೆಳವಣಿಗೆ ಸ್ವಲ್ಪ ಕುಂಟುತ್ತದೆ. ಔಷಧಿ ಇರುವಾಗ ಅದೇ ಕೋಶ ಮುಂದೆ ಓಡಬಹುದು.

2006ರಲ್ಲಿ ಆನಾ ಸೆಲ್ಮೆಕಿ ಮತ್ತು ಜೊತೆಗಾರರು ಇದರ ಮೊದಲ ದೊಡ್ಡ ಉದಾಹರಣೆ ತೋರಿಸಿದರು. ಫ್ಲೂಕೊನಜೋಲ್‌ಗೆ ಗಟ್ಟಿಯಾದ ಎಷ್ಟೋ ತಳಿಗಳಲ್ಲಿ ಐದನೇ ಕ್ರೋಮೋಸೋಮಿನ ಎಡತೋಳೇ ಎರಡು ಕಡೆಗೂ ಇರುವ ಒಂದು ಹೆಚ್ಚುವರಿ ಕ್ರೋಮೋಸೋಮು ಹುಟ್ಟಿಕೊಂಡಿತ್ತು. ಈಆರ್‌ಜಿ11 ಇರುವುದು ಆ ಎಡತೋಳಿನ ಮೇಲೆ. ಪಂಪು ನಡೆಸುವ ಟಿಎಸಿ1 ಇರುವುದೂ ಅಲ್ಲೇ. ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗದೆ, ಸುಮ್ನೆ ಪ್ರತಿಗಳ ಸಂಖ್ಯೆ ಏರಿ ಫಂಗಸ್ ಎರಡು ಲಾಭ ಒಟ್ಟಿಗೆ ಪಡೆಯಿತು. ಜೀನ್ ಸೀಕ್ವೆನ್ಸ್ ಮಾತ್ರ ಓದಿ ‘ಏನೂ ಬದಲಾಗಿಲ್ಲ’ ಅನ್ನುವವರು ಇದನ್ನು ಪೂರ್ತಿ ತಪ್ಪಿಸಿಕೊಳ್ಳುತ್ತಾರೆ. ಎಷ್ಟು ಪ್ರತಿ ಇದೆ ಅಂತಲೂ ನೋಡಬೇಕು.

ಟಾಲರೆನ್ಸ್ ವಿಷಯದಲ್ಲಿ ಮತ್ತೆ ಮತ್ತೆ ಕಾಣುವುದು ಆರ್ ಕ್ರೋಮೋಸೋಮು. ಇತ್ತೀಚಿನ ಪ್ರಯೋಗಗಳಲ್ಲಿ, ಕೀಟೋಕೊನಜೋಲ್‌ನಂಥ ಔಷಧಿ ಇಟ್ಟು ಬೆಳೆಸಿದಾಗ ವೃತ್ತದೊಳಗೆ ಚೆನ್ನಾಗಿ ಬೆಳೆದ ಕಾಲೊನಿಗಳಲ್ಲಿ ಆರ್ ಮೂರಾಗಿತ್ತು. ಎಂಐಸಿ ಬದಲಾಗಿರಲಿಲ್ಲ, ಟಾಲರೆನ್ಸ್ ಏರಿತ್ತು. ಔಷಧಿಯಿಲ್ಲದೆ ಕೆಲವು ತಲೆಮಾರು ಬೆಳೆಸಿದರೆ ಆರ್ ಮತ್ತೆ ಎರಡಕ್ಕೆ ಇಳಿದು ಟಾಲರೆನ್ಸೂ ಹೋಗುತ್ತದೆ. ಮೇಲೆ ‘ಬಹುಪಾಲು ಸಲ’ ಅಂತ ನಾನು ಬರೆದಿದ್ದು ಇದಕ್ಕೇ. ಕೆಲವು ಸಲ ವೃತ್ತದೊಳಗಿನ ಕಾಲೊನಿಯ ಪಾಲು ನಿಜವಾಗಿಯೂ ಬದಲಾಗಿರುತ್ತದೆ, ಆದರೆ ಅದು ಬಂದಷ್ಟೇ ಬೇಗ ಹೋಗಬಹುದು. ಲ್ಯಾಬಿನಲ್ಲಿ ಎರಡು ಮೂರು ಸಲ ತಟ್ಟೆಯಿಂದ ತಟ್ಟೆಗೆ ದಾಟಿಸಿ ಆಮೇಲೆ ಪರೀಕ್ಷೆ ಮಾಡಿದರೆ, ರೋಗಿಯ ದೇಹದಲ್ಲಿದ್ದದ್ದು ಕೈಗೆ ಸಿಗದೇ ಹೋಗಬಹುದು.

ಹೆಚ್ಚುವರಿ ಕ್ರೋಮೋಸೋಮು ಬರುವುದು ಹೇಗೆ? ಔಷಧಿಯೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಕ್ಯಾಂಡಿಡಾ ಮೊಗ್ಗೊಡೆದು ಬೆಳೆಯುತ್ತದೆ. ಫ್ಲೂಕೊನಜೋಲ್ ಇರುವಾಗ ತಾಯಿಕೋಶದಿಂದ ಮಗಳು ಬೇರೆಯಾಗುವುದೇ ಇಲ್ಲ. ಬೇರೆಯಾಗದ ಆ ಮಗಳ ಮೇಲೇ ಮೊಮ್ಮಗಳ ಮೊಗ್ಗು ಏಳುತ್ತದೆ. ಮೂರೂ ಅಂಟಿಕೊಂಡೇ ಇರುತ್ತವೆ. ಮೈಕ್ರೋಸ್ಕೋಪಿನಲ್ಲಿ ಮೂರು ಉಬ್ಬಿನ ಈ ಗುಂಪು ಚೆನ್ನಾಗಿ ಕಾಣುತ್ತದೆ, 2014ರಲ್ಲಿ ಇದನ್ನು ವಿವರಿಸಿದವರು ‘ಟ್ರೈಮೆರಾ’ ಅಂತ ಕರೆದರು. ನ್ಯೂಕ್ಲಿಯಸ್‌ಗಳು ಸರಿಯಾಗಿ ಹಂಚಿಕೆಯಾಗದೆ ಕ್ರೋಮೋಸೋಮುಗಳು ಇಮ್ಮಡಿಯಾದ ಕೋಶ ಹುಟ್ಟುತ್ತದೆ. ಆಮೇಲೆ ಅದು ಮನಬಂದಂತೆ ಕ್ರೋಮೋಸೋಮುಗಳನ್ನು ಕಳೆದುಕೊಳ್ಳುತ್ತದೆ. ಒಂದೊಂದು ಕೋಶದಲ್ಲಿ ಒಂದೊಂದು ಲೆಕ್ಕ ಉಳಿಯುತ್ತದೆ. ಅದರಲ್ಲಿ ಯಾವುದೋ ಒಂದಕ್ಕೆ ಐದರ ಎಡತೋಳೋ ಆರ್ ಕ್ರೋಮೋಸೋಮೋ ಜಾಸ್ತಿ ಸಿಕ್ಕಿದರೆ ಅದು ಉಳಿದುಕೊಳ್ಳುತ್ತದೆ.

ಮಂಡ್ಯದ ಕಡೆಯಿಂದ ಯಾರೇ ಬರೆದರೂ ಗದ್ದೆಗೆ ಹೊಡೆಯುವ ಔಷಧಿಯಿಂದ ಹೀಗಾಗುತ್ತಾ ಅಂತಲೂ ಕೇಳುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭತ್ತಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಕೂಡ ಫ್ಲೂಕೊನಜೋಲ್‌ನ ಕುಟುಂಬದವೇ. ಮಣ್ಣಿನಲ್ಲಿ ಬದುಕುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನುವ ಬೂಷ್ಟಿಗೆ ಇಂಥ ಸಿಂಪಡಣೆಯಿಂದ ರೆಸಿಸ್ಟೆನ್ಸ್ ಬಂದಿದೆ ಅನ್ನುವುದಕ್ಕೆ ಬಲವಾದ ಪುರಾವೆ ಇದೆ. ದೆಹಲಿಯ ಸಂಶೋಧಕರು 2012ರಲ್ಲೇ ಭಾರತದ ಪರಿಸರದಲ್ಲಿ ಅಂಥ ತಳಿಗಳನ್ನು ತೋರಿಸಿದರು. ಆದರೆ ಕ್ಯಾಂಡಿಡಾ ಆಲ್ಬಿಕನ್ಸ್ ಮುಖ್ಯವಾಗಿ ವಾಸ ಮಾಡುವುದು ನಮ್ಮ ಕರುಳು, ಬಾಯಿ, ಜನನಾಂಗಗಳಲ್ಲಿ. ಅಮ್ಮನ ವಿಷಯದಲ್ಲಿ ಗದ್ದೆಯನ್ನು ಮರೆತುಬಿಡಿ.

ಈಗ ಅಮ್ಮನ ವಿಷಯ. ಟಾಲರೆನ್ಸ್‌ಗೂ ರೋಗಿಗೂ ನಂಟು ತೋರಿಸಿದ ಪುರಾವೆ ಇರುವುದು ರಕ್ತದ ಸೋಂಕಿನಲ್ಲಿ. ಔಷಧಿ ಕೊಟ್ಟರೂ ರಕ್ತದಲ್ಲಿ ಕ್ಯಾಂಡಿಡಾ ಉಳಿದವರ ತಳಿಗಳಲ್ಲಿ, ಬೇಗ ವಾಸಿಯಾದವರ ತಳಿಗಳಿಗಿಂತ ಟಾಲರೆನ್ಸ್ ಜಾಸ್ತಿ ಇತ್ತು. ಅದೂ 2018ರ ಅದೇ ಅಧ್ಯಯನ. ಅದನ್ನು ಎತ್ತಿ ತಂದು ಬಿಳಿಸೆರಗಿಗೆ ಅಂಟಿಸಲು ನಾನು ತಯಾರಿಲ್ಲ. ಇನ್ನೊಂದು ಕಾರಣವೂ ಇದೆ. ಮಾಧ್ಯಮದ ಪಿಎಚ್ 5 ಅಥವಾ ಕಡಿಮೆ ಮಾಡಿದರೆ, ಅಂದರೆ ಹುಳಿ ಹೆಚ್ಚಿಸಿದರೆ, ಆ ‘ಬಾಲ’ ಮಾಯವಾಗುತ್ತದೆ ಅಂತ 1999ರಲ್ಲೇ ಕಂಡಿತ್ತು. ಲ್ಯಾಬಿನ ತಟ್ಟೆ ಪಿಎಚ್ 7ರ ಆಸುಪಾಸು. ತಟ್ಟೆಯಲ್ಲಿ ಕಂಡದ್ದೆಲ್ಲ ಮೈಯಲ್ಲೂ ನಡೆಯುತ್ತದೆ ಅನ್ನುವ ಹಾಗಿಲ್ಲ.

ಹಾಗೇ, ಸೋಂಕು ಮರುಕಳಿಸಲು ಫಂಗಸ್ ಬದಲಾಗಲೇಬೇಕು ಅಂತಲೂ ಇಲ್ಲ. ಅಮೆರಿಕದಲ್ಲಿ ಪದೇ ಪದೇ ಈ ಸೋಂಕು ಬರುವ 387 ಮಹಿಳೆಯರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ವಾರಕ್ಕೊಂದು ಫ್ಲೂಕೊನಜೋಲ್ 150 ಮಿ.ಗ್ರಾಂ. ಆರು ತಿಂಗಳು ತೆಗೆದುಕೊಂಡವರಲ್ಲಿ, ಆ ಆರು ತಿಂಗಳ ಕೊನೆಗೆ 90%ಗಿಂತ ಜಾಸ್ತಿ ಜನ ಆರಾಮಾಗಿದ್ದರು. ಮಾತ್ರೆ ನಿಲ್ಲಿಸಿ ಇನ್ನಾರು ತಿಂಗಳಾದಾಗ ಆ ಸಂಖ್ಯೆ ಸುಮಾರು 43%ಗೆ ಇಳಿಯಿತು. ಆದರೂ ಅವರ ಕ್ಯಾಂಡಿಡಾ ಆಲ್ಬಿಕನ್ಸ್‌ನಲ್ಲಿ ರೆಸಿಸ್ಟೆನ್ಸ್ ಕಂಡುಬರಲಿಲ್ಲ. ಅಂದರೆ ರಿಪೋರ್ಟ್ ಸೆನ್ಸಿಟಿವ್ ಇದ್ದು ಸೋಂಕು ಮರಳುವುದು ನಿಮ್ಮ ಮನೆಯೊಂದರ ಕಥೆಯಲ್ಲ.

ಸುಳಿವು ಅಂದೆನಲ್ಲ, ಅದು ಅಮ್ಮನ ಮಾತ್ರೆ ಪಟ್ಟಿಯಲ್ಲಿದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುವುದರಿಂದ ಯೋನಿಯ ಕ್ಯಾಂಡಿಡಾ ಸೋಂಕು ಸಾಮಾನ್ಯವಾಗಿ ಕಡಿಮೆಯಾಗಬೇಕು. 56ರಲ್ಲಿ ಹೊಸದಾಗಿ ಶುರುವಾಗಿದೆ ಅಂದರೆ ಅದಕ್ಕೆ ಊಟ ಹಾಕುತ್ತಿರುವುದು ಯಾವುದೋ ಇದೆ. ಡಾಪಾಗ್ಲಿಫ್ಲೋಜಿನ್ ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕಿ, ದಿನಕ್ಕೆ ಸುಮಾರು 70 ಗ್ರಾಂ. ಜನನಾಂಗದ ಯೀಸ್ಟ್ ಸೋಂಕು ಈ ಗುಂಪಿನ ಮಾತ್ರೆಗಳ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಮಾತ್ರೆ ಹೋದ ವರ್ಷ ಸೇರಿತು, ತುರಿಕೆ ಹತ್ತು ತಿಂಗಳಿಂದ. ತಾರೀಕು ಹೊಂದುತ್ತಿದೆ, ಅಲ್ವಾ?

ಹಾಗಂತ ಅಮ್ಮನ ಕೈಯಿಂದ ಮಾತ್ರೆ ಕಿತ್ತುಕೊಳ್ಳಬೇಡಿ. ಹೃದಯಕ್ಕೂ ಕಿಡ್ನಿಗೂ ಅದರಿಂದ ಒಳ್ಳೆಯದಿದೆ, ಡಾಕ್ಟರು ಅದಕ್ಕೇ ಸೇರಿಸಿರಬಹುದು. ಕಲ್ಚರ್ ರಿಪೋರ್ಟ್ ಮತ್ತು ಮಾತ್ರೆಗಳ ಸ್ಟ್ರಿಪ್ಪು ಎರಡನ್ನೂ ಹಿಡಿದುಕೊಂಡು ಹೋಗಿ. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಮಾಡಿಸಿ. ‘ಈ ಸೋಂಕಿಗೂ ಈ ಮಾತ್ರೆಗೂ ಸಂಬಂಧ ಇರಬಹುದಾ, ಬದಲಾಯಿಸಬಹುದಾ’ ಅಂತ ನೇರವಾಗಿ ಕೇಳಿ. ಎಷ್ಟೋ ತಾಯಂದಿರು ಸ್ತ್ರೀರೋಗದ ಡಾಕ್ಟರ ಹತ್ತಿರ ತುರಿಕೆ ಹೇಳುತ್ತಾರೆ, ಸಕ್ಕರೆ ಡಾಕ್ಟರ ಹತ್ತಿರ ನಾಚಿಕೊಂಡು ಹೇಳುವುದೇ ಇಲ್ಲ. ಇಬ್ಬರು ಡಾಕ್ಟರಿಗೂ ಅರ್ಧರ್ಧ ಕಥೆ ಗೊತ್ತಿರುತ್ತದೆ.

ಪದೇ ಪದೇ ಬರುವ ಸೋಂಕಿಗೆ ಒಂದೇ ಒಂದು ಮಾತ್ರೆ ಸಾಲುವುದೂ ಇಲ್ಲ. ಚಿಕಿತ್ಸೆಯ ಕ್ರಮ ಅಂದರೆ 72 ಗಂಟೆಗೊಂದರಂತೆ 150 ಮಿ.ಗ್ರಾಂ. ಮೂರು ಸಲ, ಆಮೇಲೆ ವಾರಕ್ಕೊಂದು ಆರು ತಿಂಗಳು. ಇದನ್ನು ಡಾಕ್ಟರ್ ಹೇಳಿದರೆ ಮಾತ್ರ ಶುರು ಮಾಡಬೇಕು, ಅದಕ್ಕೆ ಗಟ್ಟಿ ಕಾರಣವಿದೆ. ಫ್ಲೂಕೊನಜೋಲ್ ನಮ್ಮ ಲಿವರಿನಲ್ಲಿ ಗ್ಲಿಮೆಪಿರೈಡ್ ಕರಗಿಸುವ ಕಿಣ್ವವನ್ನೂ ತಡೆಯುತ್ತದೆ. ಗ್ಲಿಮೆಪಿರೈಡ್ ಮೈಯಲ್ಲಿ ಜಾಸ್ತಿ ಉಳಿದು ಲೋ ಶುಗರ್ ಆಗಬಹುದು. ಫ್ಲೂಕೊನಜೋಲ್ ತೆಗೆದುಕೊಂಡ ದಿನಗಳಲ್ಲಿ ಅಮ್ಮನಿಗೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸುಸ್ತು ಅಂತ ಮಲಗಿಸಬೇಡಿ. ಗ್ಲೂಕೋಮೀಟರ್‌ನಲ್ಲಿ ನೋಡಿ, ಸಕ್ಕರೆ ಕೊಡಿ, ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಸೋಂಕು ಮರಳಿದರೆ ಮತ್ತೆ ಕಲ್ಚರ್ ಮಾಡಿಸಿ. ಅದೇ ಜಾತಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಫ್ಲೂಕೊನಜೋಲ್ ಬಳಸಿದ ಮೇಲೆ ಕ್ಯಾಂಡಿಡಾ ಗ್ಲಾಬ್ರಾಟಾದಂಥ ಬೇರೆ ಜಾತಿ ಜಾಗ ಹಿಡಿಯಬಹುದು. ಅದಕ್ಕೆ ಈ ಔಷಧಿ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಪ್ರಾಜೆಕ್ಟ್ ಖಂಡಿತ ಮಾಡಬಹುದು, ಖರ್ಚೂ ಜಾಸ್ತಿ ಇಲ್ಲ. ಎಸ್‌ಸಿ5314 ಅನ್ನುವ, ಜೀನೋಮ್ ಪೂರ್ತಿ ಓದಿರುವ ಲ್ಯಾಬ್ ತಳಿಯನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಡಿಸ್ಕ್ ಟೆಸ್ಟ್ ಮಾಡಿ 24 ಗಂಟೆಗೊಂದು, 48 ಗಂಟೆಗೊಂದು ಫೋಟೋ ತೆಗೆಯಿರಿ. ಎರಡು ಸಲವೂ ಒಂದೇ ಬೆಳಕು, ಒಂದೇ ದೂರ, ಕಪ್ಪು ಹಿನ್ನೆಲೆ ಇರಲಿ. ವೃತ್ತದೊಳಗಿನ ಬೆಳವಣಿಗೆ ಅಳೆಯಲು ‘ಡಿಸ್ಕ್‌ಇಮೇಜ್‌ಆರ್’ ಅನ್ನುವ ಉಚಿತ ಪ್ರೋಗ್ರಾಂ ಇದೆ. ಮಾಧ್ಯಮ, ಉಷ್ಣತೆ ಬದಲಾದರೆ ಟಾಲರೆನ್ಸೂ ಬದಲಾಗುತ್ತದೆ, ಹಾಗಾಗಿ ಮೊದಲೇ ಒಂದನ್ನು ಗಟ್ಟಿ ಮಾಡಿಕೊಂಡು ಕೊನೆತನಕ ಅದನ್ನೇ ಬಳಸಿ. ರೋಗಿಗಳ ತಳಿ ಬಳಸುವುದಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ, ಕೆಲಸ ಎರಡನೇ ಹಂತದ ಜೈವಿಕ ಸುರಕ್ಷತೆ ಇರುವ ಲ್ಯಾಬಿನಲ್ಲೇ ಆಗಬೇಕು. ಅಮ್ಮನ ತಳಿಯೂ ಬೇಕು ಅಂತಿದ್ದರೆ, ಸ್ಯಾಂಪಲ್ ಕೊಡುವ ದಿನವೇ ‘ಕಲ್ಚರ್ ಎಸೆಯಬೇಡಿ, ಮೊದಲ ತಟ್ಟೆಯಿಂದಲೇ ಗ್ಲಿಸರಾಲ್‌ನಲ್ಲಿ ಫ್ರೀಜ್ ಮಾಡಿಡಿ’ ಅಂತ ಲ್ಯಾಬಿನವರಿಗೆ ಹೇಳಿ. ರಿಪೋರ್ಟ್ ಕೈಗೆ ಬಂದ ಮೇಲೆ ಕೇಳಿದರೆ ಆ ತಟ್ಟೆ ಅಷ್ಟರಲ್ಲಿ, ಹಬೆಯಲ್ಲಿ ಎಲ್ಲವನ್ನೂ ಸಾಯಿಸುವ ಆಟೋಕ್ಲೇವ್‌ಗೆ ಹೋಗಿರುತ್ತದೆ.